ಅಪ್‌ಡೇಟ್: ಅಮ್ಮನ ಜೊತೆ ಸ್ವಯಂಸೇವೆಗೆ ವಿದೇಶಕ್ಕೆ, ತಯಾರಿ ಎಲ್ಲಿಗೆ ಬಂತು

ಹೋದ ತಿಂಗಳು ಕೇಳಿದ್ದೆ: ನನಗೆ 17, ಅಮ್ಮನ ಜೊತೆ ಮೂರು ವಾರ ಒಂದು ಹಳ್ಳಿ ಶಾಲೆಯಲ್ಲಿ ಸ್ವಯಂಸೇವೆ ಮಾಡೋಕೆ ವಿದೇಶಕ್ಕೆ ಹೋಗ್ತಿದ್ದೀನಿ, ಏನೇನು ತಯಾರಿ ಬೇಕು ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

"ಮೊದಲು ಪಾಸ್‌ಪೋರ್ಟ್ ನೋಡಿ" ಅಂದವರು ನಮ್ಮನ್ನು ಉಳಿಸಿದ್ರು. ನನ್ನದು ಸರಿಯಿತ್ತು, ಅಮ್ಮನದ್ದಕ್ಕೆ ನಾಲ್ಕೇ ತಿಂಗಳು ಬಾಕಿ. ಎಷ್ಟೋ ದೇಶಗಳು ಕನಿಷ್ಠ ಆರು ತಿಂಗಳು ಕೇಳುತ್ತವೆ. ಕೂಡಲೇ ಅರ್ಜಿ ಹಾಕಿದ್ವಿ, ಹೊಸದು ಬಂತು. ಟೂರಿಸ್ಟ್ ವೀಸಾ ಸಾಕು ಅಂದುಕೊಂಡಿದ್ವಿ. ಸಂಬಳ ಇಲ್ಲದ ಸೇವೆಗೂ ಬೇರೆ ವೀಸಾ ಬೇಕಂತೆ. ಅಪ್ಪ ಬರ್ತಿಲ್ಲವಾದ್ದರಿಂದ ಅವರ ಒಪ್ಪಿಗೆ ಪತ್ರಕ್ಕೂ ನೋಟರಿ ಮಾಡಿಸಿದ್ದಾಯ್ತು.

ಹಳದಿ ಜ್ವರದ ಲಸಿಕೆ ನಿನ್ನೆ ಹಾಕಿಸಿಕೊಂಡ್ವಿ. ಪ್ರಮಾಣಪತ್ರ ಲಸಿಕೆಯಾದ 10 ದಿನಕ್ಕೆ ಊರ್ಜಿತವಾಗುತ್ತೆ, ಆಮೇಲೆ ಜೀವನಪೂರ್ತಿ ನಡೆಯುತ್ತೆ. 2016ರಿಂದ ನಿಯಮ ಹಾಗಿದೆ. ನರ್ಸ್ ಹಳದಿ ಕಾರ್ಡಿನಲ್ಲಿ ಬ್ಯಾಚ್ ನಂಬರ್ ಬರೆದು ಸೀಲ್ ಒತ್ತಿದ್ರು. ಅಮ್ಮ ಕನ್ನಡಕ ಏರಿಸಿಕೊಂಡು, ನನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಪಾಸ್‌ಪೋರ್ಟಿನ ಜೊತೆ ತಾಳೆ ನೋಡಿದ್ರು. ಎರಡೂ ಒಂದೇ ಥರ ಇರಲೇಬೇಕು.

ಮಲೇರಿಯಾ ಮಾತ್ರೆ ವಾಪಸ್ ಬಂದ ಮೇಲೂ ಮುಂದುವರಿಸಬೇಕು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ನಮಗೆ ಬರೆದುಕೊಟ್ಟಿರೋದು ಏಳು ದಿನ.

ಅಮ್ಮ ಜೊತೆಗಿದ್ರೆ ನನ್ನನ್ನು ಚಿಕ್ಕವಳ ಥರ ನೋಡ್ತಾರೇನೋ ಅನ್ನೋ ಅಳುಕಿತ್ತಲ್ಲ, ಅದನ್ನು ಅವರಿಗೇ ಹೇಳಿಬಿಟ್ಟೆ. "ಅಲ್ಲಿ ನೀನು ಪಾಠ ಮಾಡು, ನಾನು ಅಡುಗೆಮನೆ ಕಡೆ ಇರ್ತೀನಿ" ಅಂದ್ರು. ಹೊರಡೋಕೆ ಇನ್ನು ಹದಿನೆಂಟು ದಿನ.