ಎರೆ (ಕಪ್ಪು ಮಣ್ಣಿನ) ಹೊಲದಾಗ ಅಟ್ರಾಜಿನ್ ಕಳೆನಾಶಕ ಉಳಿದಿದ್ರ ಕಡ್ಲಿ ಬರ್ತದೇನ್ರಿ? ಅನುಭವ ಹೇಳ್ರಿ

ಸಿಂಧನೂರು ಎರೆಹೊಲ: ಮುಂಗಾರಿ ಮೆಕ್ಕೆಜೋಳಕ್ಕ ಅಟ್ರಾಜಿನ್ 50 ಪುಡಿ ಎಕರೆಗೆ 800 ಗ್ರಾಂ ಹೊಡೆದದ. ಆಮ್ಯಾಲೆ ಮಳಿ ಕೈಕೊಟ್ತು. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತಿ) 8.4, ಅಂದ್ರ ಕ್ಷಾರ. ಹಿಂಗಾರಿಗೆ ಕಡ್ಲಿ ಬಿತ್ತಬೇಕಂತ ಅದ.

ಮಾನ್ವಿ ಹಿಂಗಾರಿ: ಮೊಳಕಿ ನೋಡಿ ನಂಬಬ್ಯಾಡ್ರಿ. ನಮ್ಮಲ್ಲೂ ಅಟ್ರಾಜಿನ್ ಹೊಡೆದ ಹೊಲದಾಗ ಕಡ್ಲಿ ಚಲೋನೇ ಎದ್ದಿತ್ತು. ಅಟ್ರಾಜಿನ್ ಬೀಜ ಮೊಳಿಯೋದನ್ನ ತಡಿಯಂಗಿಲ್ಲ, ಎಲಿ ಬಿಸಿಲಿನಾಗ ಆಹಾರ ಮಾಡೋದನ್ನ ನಿಲ್ಲಸ್ತದ. ಬೀಜದ ಕಸುವು ತೀರಿದ ಮ್ಯಾಲೆ ಕೆಳಗಿನ ಎಲಿ ಅಂಚಿನಿಂದ ಹಳದಿ ಆಗಿ ಒಣಗಿತು. ಎಕರೆಗೆ 25 ಕಿಲೋ ಬೀಜ, 1,350ರ ಡಿಎಪಿ ಚೀಲ, ಕೂರಿಗಿ ಬಾಡಿಗಿ, ಕೂಲಿ, ಎಲ್ಲಾ ಮಣ್ಣಪಾಲು. ಪಂಪ್ ಹೊತ್ತವ ತಿರುಗೋ ಬದುವಿನ ಅಂಚಿಗೆ ಔಷಧ ಎರಡು ಪಟ್ಟು ಬಿದ್ದಿರ್ತದ. ಅಲ್ಲಿ ಒಂದು ಗಿಡಾನೂ ಉಳಿಲಿಲ್ಲ.

ಕುಷ್ಟಗಿ ಮಸಾರಿ: ಸುಮ್ನ ಹೆದರಸಬ್ಯಾಡ್ರಿ. ನಮ್ಮಲ್ಲಿ ಅಷ್ಟೇ ಹೊಡೆದು ಹಿಂದ ಬೋರಿನ ನೀರಾಗ ಶೇಂಗಾ ತೆಗದೀವಿ. ಏನೂ ಆಗಿಲ್ಲ.

ಮಾನ್ವಿ ಹಿಂಗಾರಿ: ಮಸಾರಿ (ಕೆಂಪು ಮಣ್ಣಿನ) ಲೆಕ್ಕ ಎರಿಗೆ ಹಚ್ಚಬ್ಯಾಡ್ರಿ. ನಿಮ್ಮ ಉಸುಕು ಮಣ್ಣಾಗ ನೀರಿನ ಜೋಡಿ ಅದು ಕೆಳಗಿಳೀತದ. (ಇಳಿದಿದ್ದು ಎಲ್ಲಿಗೆ ಹೋಗ್ತದ ಅಂತ ಬೋರಿನವರೇ ಹೇಳಬೇಕು.) ಎರೆ ಜೇಡಿ ಹಿಡಕೊಂಡು ಕುಂದರ್ತದ. ಪಿಎಚ್ 8 ದಾಟಿದ್ರ ರಾಸಾಯನಿಕವಾಗಿ ಒಡಿಯೋದು ನಿಧಾನ, ಮಣ್ಣು ಒಣಗಿದ್ರ ಸೂಕ್ಷ್ಮಜೀವಿನೂ ಕೆಲಸ ಮಾಡಂಗಿಲ್ಲ. 60 ದಿನಕ್ಕ ಅರ್ಧ ಔಷಧ ಹೋಗ್ತದ ಅಂತ ಮಂದಿ ಅನ್ನೋದು ಹಸಿ ಇದ್ದ ಹೊಲದ ಮಾತು.

ಗಂಗಾವತಿ ಭತ್ತ: 800 ಗ್ರಾಮಿಗೇ ಇಷ್ಟು ಜಗಳಾ? ಭತ್ತಕ್ಕ ಹೊಡಿಯೋ ಮೆಟ್‌ಸಲ್ಫ್ಯೂರಾನ್–ಕ್ಲೋರಿಮ್ಯೂರಾನ್ ಕಳೆನಾಶಕ ಪುಡಿ ಎಕರೆಗೆ ಬರೀ 8 ಗ್ರಾಂ. ಹುಳಿ ಮಣ್ಣಾಗ ಲಗೂ ಒಡೀತೈತಿ, ಸವಳು ಎರಿಯಾಗ ಕುಂತು ಬಿಡತೈತಿ. ಹಿಂದ ಹಾಕಿದ ಸೂರ್ಯಕಾಂತಿ ಬೇರು ಮೊಂಡಾಗಿ, ಸುಳಿ ನಿಂತು, ಗೇಣುದ್ದಕ್ಕೇ ಉಳೀತು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ರೊಕ್ಕ ಯಾರು ಕೊಡ್ತಾರ?

ಕುಷ್ಟಗಿ ಮಸಾರಿ: ಅದಕ್ಕ ಗ್ಲೈಫೋಸೇಟ್ ಕಳೆನಾಶಕ ಒಂದ ಸಾಕು ಅನ್ನೋದು.

ಗಂಗಾವತಿ ಭತ್ತ: ನಿಂತ ಬೆಳಿ ಮ್ಯಾಲೆ ಹೊಡೀತೀರೇನು? ಬೆಳೀನೂ ಸಾಯ್ತೈತಿ. ಗ್ಲೈಫೋಸೇಟ್ ಮಣ್ಣಿಗೆ ಗಟ್ಟಿ ಅಂಟಿಕೊಳ್ತೈತಿ, ಬೇರಿಗೆ ಸಿಗಂಗಿಲ್ಲ, ಖರೆ. ಅದಕ್ಕ ಕಾಲುವಿ ರಾಡಿ ನೀರಾಗ ಕಲಸಿದ್ರ ಕಸಾನೂ ಸಾಯಂಗಿಲ್ಲ.

ರಾಯಚೂರು ಕಾಕಾ: ಕೇಳಿದವರಿಗೆ ಉತ್ತರ ಕೊಡ್ರಪಾ. ಹೊಲದ ನಾಲ್ಕೈದು ಕಡೆ, ಬದುವಿನ ಅಂಚಿಂದೂ ಸೇರಿಸಿ, 15 ಸೆಂ.ಮೀ. ಆಳದ ತನಕ ಮಣ್ಣು ತಗೀರಿ. ಔಷಧ ಬೀಳದ ಜಾಗದ ಅಂಥಾದ್ದೇ ಮಣ್ಣು ಬ್ಯಾರೆ ಡಬ್ಬಿಗೆ. ತಳಕ್ಕ ತೂತು ಇರಲಿ. ಎರಡರಾಗೂ ಕಡ್ಲಿ, ಸೌತಿ ಬೀಜ ಊರಿ ಬಿಸಿಲಿಗಿಟ್ಟು ಮೂರು ವಾರ ನೋಡ್ರಿ. ನೆರಳಿಗಿಟ್ರ ಲಕ್ಷಣಾನೇ ಕಾಣಂಗಿಲ್ಲ. ಹೊಲದ ಮಣ್ಣಾಗ ಎಲಿ ಅಂಚು ಸುಟ್ರ ಕಡ್ಲಿ ಬಿಟ್ಟು ಬಿಳಿಜೋಳ ಬಿತ್ರಿ, ಅದು ಅಟ್ರಾಜಿನ್ ತಡಕೊಳ್ತದ.

ಕುಷ್ಟಗಿ ಮಸಾರಿ: ಮೂರು ವಾರ ಕುಂತ್ರ ಹಸಿ ಆರಿ ಹೊಕ್ಕೈತಿ, ಕಾಕಾ.

ರಾಯಚೂರು ಕಾಕಾ: ಮೆಕ್ಕೆಜೋಳ ಮುರಿಯೋಕ ಮುಂಚೇನೇ ಡಬ್ಬಿ ಇಡಬೇಕು. ನೀವು ಮೊದಲು 2,4-ಡಿ ಕಳೆನಾಶಕ ಹೊಡೆದ ಪಂಪಿನಾಗೇ ಹತ್ತಿಗೆ ಹುಳದ ಎಣ್ಣಿ (ಔಷಧ) ಹೊಡಿಯೋದು ಬಿಡ್ರಿ. ಹತ್ತಿ ಎಲಿ ಬೆಂಡಿ ಎಲಿ ಹಂಗ ಸೀಳಿದ್ರ ವೈರಸ್ ಅಂತ ಅಂಗಡಿಗೆ ಓಡ್ತೀರಿ.

ಕುಷ್ಟಗಿ ಮಸಾರಿ: ನಮ್ಮ ಪಂಪ್ ಸುದ್ದಿ ನಿಮಗ್ಯಾಕ್ರಿ?