ಸಹಾಯ ಬೇಕು: ಅಡಿಕೆ ತೋಟದೊಳಗೆ ಜಿಪಿಎಸ್ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ತೋಟಗಳ ಸಮೀಕ್ಷೆ ಮಾಡುತ್ತಿದ್ದೇನೆ. ನಿಖರತೆ 10 ಮೀಟರ್ ಒಳಗೆ ಬಂದರೆ ಮಾತ್ರ ಆ್ಯಪ್ ಫೋಟೋ ತೆಗೆಯಲು ಬಿಡುತ್ತದೆ. ರಸ್ತೆಯಲ್ಲಿ ನಿಂತರೆ 4 ಮೀಟರ್. ತೋಟದೊಳಗೆ ಕಾಲಿಟ್ಟರೆ 38, 52, ಮತ್ತೆ 29! ಮೊನ್ನೆಯಂತೂ ಮ್ಯಾಪ್‌ನಲ್ಲಿ ನಾನು ಹಳ್ಳದ ಆಚೆ ನಿಂತಿದ್ದೆ. ತೋಟದ ಯಜಮಾನರು ನೋಡಿ ನಕ್ಕರು.

ಬ್ಯಾಟರಿ ಸೇವರ್ ಆಫ್ ಮಾಡಿದ್ದೇನೆ, ಆ್ಯಪ್‌ಗೆ ನಿಖರ ಲೊಕೇಶನ್ ಅನುಮತಿಯೂ ಇದೆ. ಅಲ್ಲಿ ನೆಟ್‌ವರ್ಕ್ ಇಲ್ಲ, ಉಪಗ್ರಹ ಹಿಡಿಯಲು ತಡವಾಗುತ್ತದೆ, ಸರಿ. ಆದರೆ ಹತ್ತು ನಿಮಿಷ ಕಾದರೂ ಅದೇ ಕಥೆ. ಸೋಗೆ ದಟ್ಟವಾಗಿರುವುದೇ ಕಾರಣ ಅಲ್ವಾ?

ಜಿಪಿಎಸ್ ಉಪಗ್ರಹದ ಎಲ್1 ಸಿಗ್ನಲ್ ಜೊತೆ ಎಲ್5 ಅನ್ನೋ ಇನ್ನೊಂದು ಫ್ರೀಕ್ವೆನ್ಸಿಯ ಸಿಗ್ನಲ್ ಕೂಡ ಹಿಡಿಯುವ ಫೋನ್ ತಗೊಂಡರೆ ಮರದಡಿ ವ್ಯತ್ಯಾಸ ಕಾಣುತ್ತಾ? ಇಲ್ಲ ಬ್ಲೂಟೂತ್ ಜಿಪಿಎಸ್ ರಿಸೀವರ್ ವಾಸಿನಾ? ಬಳಸಿದವರು ತಿಳಿಸಿ. ಸುಮ್ನೆ ರೀಸ್ಟಾರ್ಟ್ ಮಾಡಿ ಅನ್ನಬೇಡಿ, ದಿನಕ್ಕೆ ಐದು ಸಲ ಮಾಡುತ್ತಿದ್ದೇನೆ.