ಅಳಿಯನ ಆರು ನಿಮಿಷದ ವಾಯ್ಸ್ ಮೆಸೇಜಿಗೆ ಮಾವನ ಉತ್ತರ

ಹಲೋ... ರೆಕಾರ್ಡ್ ಆಯ್ತಾ ಅದ್ಯಾ? ಹ್ಞೂ, ಆಯ್ತಾ ಅದೆ. ನಮಸ್ಕಾರ ಎಲ್ರಿಗೂವೆ. ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಮಾತಾಡೇ ಹಾಕ್ತೀನಿ. ಉದ್ದ ಆಯ್ತದೆ, ಬೇಜಾರಾದೋರು ಬುಟ್ಬುಡಿ, ಆದ್ರೆ ಅಕ್ಕ, ನೀನು ಮಾತ್ರ ಕೊನೇವರ್ಗೂ ಕೇಳು.

ರಾತ್ರಿ ನಮ್ಮ ಮಂಡ್ಯದ ಅಳಿಯ, ಅಕ್ಕನ ಮಗ, ಫ್ಯಾಮಿಲಿ ಗ್ರೂಪಿಗೆ ಹಾಕಿದ್ದನ್ನ ಎರಡು ಸಲ ಕೇಳ್ದೆ. ಚಿನ್ನ ಹುಡುಕೋ ಕಂಪ್ನಿ ಷೇರು 140ರಲ್ಲಿ ತಗಂಡಿದ್ದ, ಈಗ 82ಕ್ಕೆ ಬಂದು ಕೂತದೆ. ಕಂಪ್ನಿಯೋರು ಕಳ್ರು, ಆಪರೇಟರ್‌ಗಳು, ಅಂದ್ರೆ ದುಡ್ಡು ಹಾಕಿ ರೇಟ್ ಆಡ್ಸೋರು, ನಮ್ಮಂಥ ಸಣ್ಣೋರ್ನ ಹೆದರಿಸಿ ಕಿತ್ಕತಾವ್ರೆ, ಅದಕ್ಕೆ ಮನೆಯೋರೆಲ್ಲಾ ತಲಾ ನೂರು ಷೇರು ತಗಳಿ, ಯಾರೂ ಮಾರ್ಬೇಡಿ, ಒಗ್ಗಟ್ಟಾಗಿ ಹಿಡ್ಕಳನ ಅಂತ. ಅದರ ಕೆಳಗೆ ಬಾವ ಒಂದು ಮಾತು ಕೇಳವ್ರೆ. 'ಚಿನ್ನ ಸಿಕ್ತು ಅಂತ ಸುದ್ದಿ ಬಂದ್ಮೇಲೆ ಬಿದ್ದದ್ಯಾಕೆ?' ಅಂತ. ಇಡೀ ಗ್ರೂಪಲ್ಲಿ ಸರಿಯಾದ ಪ್ರಶ್ನೆ ಅದೊಂದೇಯ.

ಮೊದ್ಲು ಒಂದು ಒಪ್ಕಬುಡ್ತೀನಿ. ಆ ಷೇರು ನನ್ನತ್ರಾನೂ ಅದೆ. 200. 118ರಂಗೆ. ನಿಮ್ಮತ್ತೆಗೆ ಇವತ್ತಿನವರ್ಗೂ ಹೇಳಿರ್ಲಿಲ್ಲ, ಈಗ ಅಡಿಗೆ ಮನೇಲಿ ಪಾತ್ರೆ ಸದ್ದು ನಿಂತೋಯ್ತು, ಕೇಳಿಸ್ಕಂಡ್ಳು ಅಂತ ಕಾಣ್ತದೆ. ಇರ್ಲಿ.

ವಯಸ್ಸಲ್ಲಿ ನಾನು ನಾಕು ವರ್ಷ ರಾಯಚೂರು ಕಡೆ ಡ್ರಿಲ್ಲಿಂಗ್ ಕಂಟ್ರಾಕ್ಟರ್ ಹತ್ರ ಇದ್ದೆ, ನಿಮಗೆ ಗೊತ್ತಲ್ಲ. ಬೋರ್‌ವೆಲ್ ಥರ ಪುಡಿ ಎತ್ತೋ ಡ್ರಿಲ್ಲಲ್ಲ ಅದು. ಕಲ್ಲು ಕೋಲಿನಂಗೆ ಮೇಲಕ್ಕೆ ಬತ್ತದೆ, ದಪ್ಪ ಕಬ್ಬಿನ ಜಲ್ಲೆ ಅನ್ಕಳಿ. ಕೋರ್ ಅಂತಾರೆ. ತಗಡಿನ ಟ್ರೇನಲ್ಲಿ ಸಾಲಾಗಿ ಜೋಡ್ಸಿ, ಎಷ್ಟು ಆಳದ್ದು ಅಂತ ಮರದ ತುಂಡಿನ ಮೇಲೆ ಬರ್ದು ನಡುನಡುವೆ ಇಡೋದು ನನ್ನ ಕೆಲ್ಸ. ಆಮೇಲೆ ಗರಗಸದಲ್ಲಿ ಉದ್ದುದ್ದಕ್ಕೆ ಸೀಳೋರು. ಅರ್ಧ ಲ್ಯಾಬಿಗೆ, ಇನ್ನರ್ಧ ಅದೇ ಟ್ರೇಗೆ ವಾಪಸ್. ನಾಳೆ ಯಾರಾದ್ರೂ ಅನುಮಾನ ಪಟ್ರೆ ತೆಗ್ದು ನೋಡ್ಲಿ ಅಂತ. ಅಷ್ಟು ವರ್ಷದಲ್ಲಿ ಕಣ್ಣಿಗೆ ಕಾಣೋ ಚಿನ್ನ ನಾನು ನೋಡಿದ್ದು ಒಂದೇ ಸಲ. ಸಾಸಿವೆ ಕಾಳಿನಷ್ಟೂ ಇರ್ಲಿಲ್ಲ, ಜಿಯಾಲಜಿಸ್ಟ್ ಭೂತಗನ್ನಡಿ ಕೊಟ್ಟು ತೋರ್ಸಿದ್ರು. ಟನ್ನು ಕಲ್ಲಿಗೆ ನಾಕೈದು ಗ್ರಾಂ ಇದ್ರೂ ಒಳ್ಳೇದೇ ಅಂತಿದ್ರು ಅವ್ರು. ಒಂದು ಟನ್ನು ಕಲ್ಲು ಅಗ್ದು, ಪುಡಿ ಮಾಡಿ, ಅರ್ದು, ಕೊನೆಗೆ ಒಂದು ಉಂಗುರ.

ಈಗ ನಮ್ಮ ಕಂಪ್ನಿ ಏನು ಹೇಳ್ತು? 'ಎರಡು ಮೀಟರ್ ಉದ್ದಕ್ಕೆ ಟನ್ನಿಗೆ 11 ಗ್ರಾಂ.' ಅಳಿಯ ಅದನ್ನ ಗ್ರೂಪಿಗೂ ಹಾಕಿದ್ದ, ಪಟಾಕಿ ಚಿತ್ರ ಸಮೇತ. ಸುಳ್ಳಲ್ಲ ಕಣಪ್ಪ ಅದು. ಆದ್ರೆ ಅದು ಒಂದು ತೂತಿನ ಕಥೆ. ಪಕ್ಕದಲ್ಲಿ ಐವತ್ತು ಮೀಟರ್ ದೂರಕ್ಕೆ ಇನ್ನೊಂದು ತೂತು ಹೊಡುದ್ರೆ ಬರೀ ಕಲ್ಲು ಬರ್ಬೋದು. ಇನ್ನೊಂದು, ಕಬ್ಬನ್ನ ಮಚ್ಚಲ್ಲಿ ಓರೆಯಾಗಿ ಹೊಡುದ್ರೆ ಕಚ್ಚು ಎಷ್ಟು ಅಗಲ ಕಾಣ್ತದೆ? ನೇರಕ್ಕೆ ಹೊಡುದ್ರೆ? ಡ್ರಿಲ್ ಓರೆಯಾಗಿ ಹೋದ್ರೂ ಹಂಗೇಯ. ಅದಿರಿನ ಎಳೆ ಒಂದು ಮೀಟರ್ ಇದ್ರೂ ಕೋರಲ್ಲಿ ಎರಡು ಮೀಟರ್ ಬರ್ಬೋದು. ನಿಜವಾದ ಅಗಲ ಎಷ್ಟು ಅಂತ ಆ ಕಾಗದದ ಕೊನೇಲಿ ಸಣ್ಣಕ್ಷರದಲ್ಲಿ ಇರ್ಬೇಕು, ಇದರಲ್ಲಿ ಇರ್ಲೇ ಇಲ್ಲ. ನಂಗೆ ಕೋಪ ಬಂದದ್ದು ಅದಕ್ಕೆ. ರೇಟ್ ಬಿದ್ದದ್ದಕ್ಕಲ್ಲ.

ಆ ಅರ್ಧ ಕೋರು ಇಟ್ಕಳೋ ವಿಚಾರ ಸಣ್ಣದು ಅನ್ಕಬೇಡಿ. ಕೆನಡಾದ ಬ್ರಿ-ಎಕ್ಸ್ ಅಂತ ಕಂಪ್ನಿ, ಇಂಡೋನೇಷ್ಯಾ ಕಾಡಲ್ಲಿ ಚಿನ್ನದ ಬೆಟ್ಟ ಸಿಕ್ತು ಅಂತ ಹೇಳ್ತು. ಕೋರನ್ನ ಸೀಳಿ ಅರ್ಧ ಇಡೋ ಬದ್ಲು ಪೂರ್ತಿ ಪುಡಿ ಮಾಡಿ ಲ್ಯಾಬಿಗೆ ಕಳಿಸ್ತಿದ್ರು. 1997ರಲ್ಲಿ ಬೇರೆ ಕಂಪ್ನಿಯೋರು ಬಂದು ಪಕ್ಕದಲ್ಲೇ ತೂತು ಹೊಡ್ದು ನೋಡಿದ್ರೆ ಏನೂ ಇಲ್ಲ. ಪುಡಿಗೆ ಹೊರಗಿಂದ ಚಿನ್ನ ಬೆರ್ಸಿದ್ರು. ನಮ್ಮದು ಹಂಗೆ ಅಂತ ಹೇಳ್ತಿಲ್ಲ, ದಯವಿಟ್ಟು ಇದನ್ನ ಬೇರೆ ಗ್ರೂಪಿಗೆ ಫಾರ್ವರ್ಡ್ ಮಾಡಿ ಗಲಾಟೆ ಎಬ್ಬಿಸ್ಬೇಡಿ.

ಮೋಸಾನೇ ಇಲ್ದೆಯೂ ಲೆಕ್ಕ ಇಳಿತದೆ, ಅದನ್ನ ನಾವು ಮಂಡ್ಯದಲ್ಲೇ ನೋಡಿದ್ವಲ್ಲ! ಮರ್ಲಗಲ್ಲದ ಲಿಥಿಯಂ, ಬ್ಯಾಟರಿಗೆ ಹಾಕೋ ಲೋಹ. 2020ರಲ್ಲಿ 14,100 ಟನ್ ಅಂತ ಪೇಪರಲ್ಲಿ ಬಂದಾಗ ಬಾವ, ನೀವೇ ಅಲ್ವಾ ಊರಿನ ಕಲ್ಲು ಜಮೀನು ಮಾರೋದು ಬ್ಯಾಡ ಅಂತ ಕೂತದ್ದು? ಮುಂದಿನ ವರ್ಷ ಅಣು ಖನಿಜ ನಿರ್ದೇಶನಾಲಯದ ಲೆಕ್ಕ ಬಂತು, 1,600 ಟನ್. ಅದೂ 'ಊಹಿತ' ಅನ್ನೋ ದರ್ಜೆ, ಅಂದ್ರೆ ಪೂರ್ತಿ ಖಾತ್ರಿ ಇಲ್ದ ಅಂದಾಜು. ಅಲ್ಲಿ ಷೇರೂ ಇಲ್ಲ, ಆಪರೇಟರೂ ಇಲ್ಲ. ಇನ್ನಷ್ಟು ನೋಡ್ತಾ ನೋಡ್ತಾ ನಂಬರು ಚಿಕ್ಕದಾಯ್ತು, ಅಷ್ಟೇಯ. ಅದೇ ಒಂದು ಷೇರಾಗಿದ್ರೆ ಗ್ರಾಫ್ ಹೆಂಗಿರ್ತಿತ್ತು, ಊಹೆ ಮಾಡ್ಕಳಿ.

ಇನ್ನ ಚಿನ್ನ ಇದ್ರೂ ಗಣಿ ನಡೀಬೇಕಲ್ಲ. ಕೋಲಾರದ್ದು 2001ರ ಫೆಬ್ರವರಿಲಿ ಮುಚ್ಚಿದ್ದು ಚಿನ್ನ ಒಂಚೂರೂ ಇಲ್ಲ ಅಂತ ಅಲ್ಲ, ಮೂರು ಕಿಲೋಮೀಟರ್ ಆಳದಿಂದ ಎತ್ತೋ ಖರ್ಚು ಗಿಟ್ಟಲಿಲ್ಲ. ಪರ್ಮಿಷನ್ ಕಥೆ ಬೇರೆ. ಮೊದ್ಲೆಲ್ಲಾ ಹುಡುಕ್ದೋನಿಗೇ ಲೀಸು ಅನ್ನೋ ಥರ ಇತ್ತು. 2015ರಲ್ಲಿ ಕಾನೂನು ಬದಲಾಯ್ಸಿ ಹರಾಜು ತಂದ್ರು, ಹಳೆ ಅರ್ಜಿಯೋರಿಗೆ ಸ್ವಲ್ಪ ಕಿಂಡಿ ಬುಟ್ಟಿದ್ರು, 2021ರಲ್ಲಿ ಅದನ್ನೂ ಮುಚ್ಚಿದ್ರು. ಅಳಿಯ 'ಮೂರು ವರ್ಷದಿಂದ ಶೀಘ್ರದಲ್ಲೇ ಶೀಘ್ರದಲ್ಲೇ ಅಂತಾವ್ರೆ' ಅಂತ ಬೈದ. ಬೈಯ್ಯಿ, ತಪ್ಪಿಲ್ಲ. ಆದ್ರೆ ಆ ಕಂಪ್ನಿಗೆ ಮಾರೋಕೆ ಇನ್ನೂ ಏನೂ ಇಲ್ಲ ಅನ್ನೋದು ಗೊತ್ತಿದ್ದೇ ತಗಂಡಿದ್ದು ನಾವು. ರಿಸಲ್ಟ್ ಶೀಟ್ ತೆಗ್ದು ನೋಡು, ವ್ಯಾಪಾರದ ಕಾಲಂ ಸೊನ್ನೆ. ಬರೋದೆಲ್ಲಾ ಎಫ್‌ಡಿ ಬಡ್ಡಿ.

ಬಾವಂಗೆ ಉತ್ತರ ಇಷ್ಟೇಯ: ಗಣಿಯೂ ಇಲ್ಲ, ಲಾಭವೂ ಇಲ್ಲ, ಆಸೆ ಮೇಲೆ ರೇಟ್ ನಿಂತದೆ. ಸುದ್ದಿ ಬರೋಕೆ ಮುಂಚೆ 60ರಲ್ಲಿ ತಗಂಡೋರು ಸುದ್ದಿ ಬಂದ ದಿನ ಮಾರಿದ್ರು. ಅವ್ರತ್ರ ತಗಂಡೋರು ಯಾರು? ನಾನು, ನಮ್ಮ ಅಳಿಯ.

'ಸ್ಟಾಪ್ ಲಾಸ್ ಹಾಕಿದ್ದೆ ಮಾವ, ಅದ್ಯಾಕೆ ಹೋಗ್ಲಿಲ್ಲ' ಅಂದೆಯಲ್ಲ ಮಗ, ರೇಟ್ ಇಷ್ಟಕ್ಕೆ ಇಳುದ್ರೆ ತಾನೇ ಮಾರ್ಬುಡು ಅಂತ ಮೊದ್ಲೇ ಹಾಕಿಡೋ ಆರ್ಡರ್ ಅದು. ಆವತ್ತು ಒಂಬತ್ತೂ ಕಾಲಿಗೆ ನಾನೂ ಮೊಬೈಲ್ ಹಿಡ್ಕಂಡು ಕೂತಿದ್ದೆ. ಕೊಳ್ಳೋರ ಕಡೆ ಸೊನ್ನೆ, ಸೊನ್ನೆ, ಸೊನ್ನೆ. ಮಾರೋರ ಕಡೆ ಲಕ್ಷಗಟ್ಲೆ. ಐದು ಪರ್ಸೆಂಟ್ ಲೋಯರ್ ಸರ್ಕ್ಯೂಟು, ಆವತ್ತಿಗೆ ಅದಕ್ಕಿಂತ ಕೆಳಗೆ ರೇಟ್ ಇಳಿಯಂಗಿಲ್ಲ, ಬಾಗ್ಲು ಹಾಕ್ದಂಗೆ. ನಿನ್ನ ಆರ್ಡರ್ ಹೋಗಿತ್ತು ಕಣಪ್ಪ, ತಗಳೋನೇ ಇರ್ಲಿಲ್ಲ. ಹಂಗೆ ನಾಕು ದಿನ. 140 ಇದ್ದದ್ದು 114. ಕಾಫಿ ಆರೋಗಿತ್ತು, ನಿಮ್ಮತ್ತೆ ಎರಡು ಸಲ ಬಿಸಿ ಮಾಡಿಕೊಟ್ಳು, ಯಾಕೆ ಮುಖ ಹಂಗದೆ ಅಂತ ಕೇಳುದ್ರೆ ಗ್ಯಾಸ್ ಅಂದೆ.

ಆದ್ರೆ ನಿನ್ನ ಒಂದು ದೂರು ನೂರಕ್ಕೆ ನೂರು ನಿಜ. ದೊಡ್ಡೋರಿಗೆ ವಾರಂಟ್ ಕೊಟ್ರಲ್ಲ, ಮುಂದೆ ಗೊತ್ತಾದ ರೇಟಿಗೆ ಷೇರು ತಗಳೋ ಹಕ್ಕು, ಅದು. ಕಾಲು ಭಾಗ ದುಡ್ಡು ಈಗ, ಮಿಕ್ಕಿದ್ದು 18 ತಿಂಗಳೊಳಗೆ. ರೇಟ್ ಏರುದ್ರೆ ಷೇರು ತಗತಾರೆ, ಏರ್ಲಿಲ್ಲಾ ಅಂದ್ರೆ ಕಾಲು ಭಾಗ ಬುಟ್ಟು ಎದ್ದೋಯ್ತಾರೆ. ಡ್ರಿಲ್ಲಿಂಗಿಗೆ ದುಡ್ಡು ಬೇಕು, ಸರಿ. ಅದನ್ನ ರೈಟ್ಸ್ ಇಶ್ಯೂ ಮಾಡಿದ್ರೆ, ಅಂದ್ರೆ ಈಗಿರೋ ಷೇರುದಾರರಿಗೇ ಹೊಸ ಷೇರು ಕೊಟ್ಟಿದ್ರೆ, ನಮಗೂ ಅದೇ ರೇಟಲ್ಲಿ ನಮ್ಮ ಪಾಲು ಬರ್ತಿತ್ತು. ಈಗ ನಮ್ಮ ಪಾಲು ನೀರಾಕಿದ ಮಜ್ಜಿಗೆ ಆಯ್ತು. ವಾರಂಟ್ ಕೊಡೋಕೆ ಷೇರುದಾರರ ಓಟು ಬೇಕು, ನಾಕರಲ್ಲಿ ಮೂರು ಪಾಲು. ಇ-ಓಟಿಂಗ್ ಅಂತ ಇ-ಮೇಲ್ ಬಂದಿತ್ತು. ನಾನು ತೆಗೀಲೇ ಇಲ್ಲ. ನೀನು ತೆಗ್ದಿದ್ದೇನ್ಲಾ? ಪಂಚಾಯ್ತಿ ಎಲೆಕ್ಷನ್ನಿಗೆ ಮೈಸೂರಿಂದ ಬಸ್ ಹತ್ಕಂಡು ಬತ್ತೀನಿ ನಾನು, ಇದಕ್ಕೆ ಬೆರಳು ಅಲ್ಲಾಡಿಸ್ಲಿಲ್ಲ.

ಈಗ ಒಗ್ಗಟ್ಟಿನ ವಿಚಾರ. ಮನೆಯೋರೆಲ್ಲಾ ಸೇರಿ ತಗಂಡ್ರೂ 1,500 ಷೇರು. ಸಾಧಾರಣ ದಿನಕ್ಕೇ ಲಕ್ಷದ ಮೇಲೆ ಕೈ ಬದಲಾಯ್ತವೆ. ಕನ್ನಂಬಾಡಿಗೆ ಚೊಂಬಲ್ಲಿ ನೀರು ಹುಯ್ದಂಗೆ. ಯಾರೂ ತಗಬೇಡಿ, ನಾನಂತೂ ತಗಳಲ್ಲ. ಇರೋ 200ನೂ ಮುಂದಿನ ತೂತುಗಳ ರಿಸಲ್ಟ್ ಬರೋವರ್ಗೂ ಇಟ್ಕತೀನಿ, ಹೋದ್ರೆ ನನ್ನ ಪೆನ್ಷನ್ ದುಡ್ಡು, ನಿಮ್ಮತ್ತೆ ಬೈಗುಳ, ಎರಡೂ ನನ್ನದೇಯ.

ಅಕ್ಕ, ಈಗ ನಿಂಗೆ. ನೀನು ನಿನ್ನೆ ಫೋನಲ್ಲಿ ಬಳೆ ಬ್ಯಾಂಕಲ್ಲಿ ಅಡ ಇಟ್ಟು ಮಗಂಗೆ ದುಡ್ಡು ಕೊಟ್ಟೆ ಅಂದೆ, ಟ್ರಾಕ್ಟರ್ ರಿಪೇರಿಗೆ ಅಂತ. ಟ್ರಾಕ್ಟರ್ ಚೆನ್ನಾಗದೆ ಕಣಕ್ಕ, ಮೊನ್ನೆ ನಿನ್ನ ಮಗ ಅದರಲ್ಲೇ ಶ್ರೀರಂಗಪಟ್ಟಣಕ್ಕೆ ಕಬ್ಬು ಹೊಡ್ಕಂಡು ಬಂದಿದ್ದ. ಆ ದುಡ್ಡು ಷೇರಿಗೆ. ಮಗ, ನಿನ್ನತ್ರ 600 ಅವೆ, 140ರಂಗೆ 84,000. ಇನ್ನೂ 600 ಈಗಿನ ರೇಟಲ್ಲಿ ತಗಂಡ್ರೆ 49,200. ಸರಾಸರಿ 111 ಆಯ್ತದೆ ಅಂತ ಲೆಕ್ಕ ಹಾಕಿದ್ದೀಯ. ಲೆಕ್ಕ ಸರಿ. ಆದ್ರೆ 111ಕ್ಕೆ ವಾಪಸ್ ಬತ್ತೀನಿ ಅಂತ ಆ ಷೇರೇನು ಹರಕೆ ಕಟ್ಕಂಡದ್ಯಾ? ನಿಮ್ಮವ್ವನ ಕೈಲಿರೋದು 22 ಕ್ಯಾರೆಟ್, ಅಳ್ದು ತೂಗಿದ್ದು, ಯಾವ ಡ್ರಿಲ್ಲೂ ಬ್ಯಾಡ. ಅದನ್ನ ಬ್ಯಾಂಕಲ್ಲಿಟ್ಟು, ಬಡ್ಡಿ ಕಟ್ಟಿ, ನೆಲದೊಳಗೆ ಇದ್ದರೂ ಇರ್ಬೋದು ಅನ್ನೋ ಚಿನ್ನದ ಕಾಗದ ತಗತೀಯಾ?

ಆ ದುಡ್ಡು ಇನ್ನೂ ಅಕೌಂಟಲ್ಲೇ ಅದೆ ಅಂತ ನಂಗೊತ್ತು, ನಿನ್ನ ತಂಗಿ ಹೇಳುದ್ಳು. ಅವಳಿಗೆ ಬೈಬೇಡ. ಸೋಮವಾರ ಬ್ಯಾಂಕ್ ತೆಗ್ದ ಕೂಡ್ಲೇ ಕಟ್ಟಿ ಬಿಡಿಸ್ಕಂಡು ಬಾ. ನಾನು ಭಾನುವಾರ ಸಾಯಂಕಾಲಾನೇ ಬತ್ತೀನಿ, ಬೆಳಿಗ್ಗೆ ಇಬ್ರೂ ಹೋಗನ, ಬಡ್ಡಿ ಅಂತ ಕಮ್ಮಿ ಬಿದ್ದಿದ್ದು ನಾನು ಹಾಕ್ತೀನಿ. ಅಕ್ಕ, ಈಗ್ಲೇ ಆ ಅಡದ ಚೀಟಿ ಫೋಟೋ ತೆಗ್ದು ನಂಗೆ ಬೇರೆಯಾಗಿ ಕಳ್ಸು, ಗ್ರೂಪಿಗೆ ಹಾಕ್ಬೇಡ. ಗ್ರಾಂ ಎಷ್ಟು ಬರ್ದವ್ರೆ ಅಂತ ನೋಡ್ಬೇಕು. ಹ್ಞಾ... ಬಂದೆ ಬಂದೆ... ನಿಮ್ಮತ್ತೆ ಕರೀತಾವ್ಳೆ, 118ರಂಗೆ ಎಷ್ಟಾಯ್ತು ಅಂತ ಕೇಳ್ತಾವ್ಳೆ. ಇಡ್ತೀನಿ.